ಕಾಂತಸೂಜಿಯ ಕಂಪನವೂ ಧ್ರುವಪ್ರಭೆಯೂ

ಧ್ರುವಪ್ರದೇಶಗಳ ರಾತ್ರಿಯಾಕಾಶವನ್ನು ಬೆಳಗುವ ಧ್ರುವಪ್ರಭೆಗೂ ಕಾಂತಸೂಜಿಯ ಕಂಪನಕ್ಕೂ ಸಂಬಂಧವುಂಟೆಂಬುದು ಇಂದು ಸರ್ವವಿದಿತ. ಆದರೆ ಸಂಬಂಧವನ್ನು ಗುರುತಿಸುವುದು ಬೇರೆ, ಅದರ ಕಾರಣವನ್ನು ಸ್ಥಾಪಿಸುವುದು ಬೇರೆ. ಇವೆರಡರ ನಡುವೆ ಎರಡು ಶತಮಾನಗಳಿಗೂ ಮಿಕ್ಕ ಕಾಲ ಸಂದಿತು.

1741ರಲ್ಲಿ ಸ್ವೀಡನ್ನಿನ ಉಪ್ಸಾಲದಲ್ಲಿ ಆಂಡರ್ಸ್ ಸೆಲ್ಸಿಯಸ್ ಮತ್ತು ಓಲಾಫ್ ಹಿಯೋರ್ಟರ್ ಸೂಜಿಯ ದಿಕ್ಕನ್ನು ಎಡೆಬಿಡದೆ ಗುರುತಿಸುತ್ತಿದ್ದರು. ಪ್ರಭೆ ಮೂಡಿದಾಗ ಸೂಜಿಯೂ ಕದಲಿತು. ಅದೇ ವರ್ಷದ ಏಪ್ರಿಲ್ 5ರಂದು ಉಪ್ಸಾಲದಲ್ಲಿ ಕಂಡ ಕ್ಷೋಭೆಯನ್ನು ದೂರದ ಲಂಡನ್ನಿನಲ್ಲಿ ಜಾರ್ಜ್ ಗ್ರಹಾಮನೂ ಕಂಡಿದ್ದನು. ಇದು ಒಂದು ಊರಿನ ಆಕಸ್ಮಿಕವಲ್ಲವೆಂದು ಇದರಿಂದ ಸಿದ್ಧವಾಯಿತು.

1859ರ ಮಹಾಕ್ಷೋಭೆಯ ಕಾಲದಲ್ಲಿ ಪ್ರಭೆಯು ಕ್ಯೂಬಾದವರೆಗೂ ಗೋಚರಿಸಿತು. ಆಗ ಇಂಗ್ಲೆಂಡಿನ ಕ್ಯೂ ವೀಕ್ಷಣಾಲಯದ ಉಪಕರಣಗಳು ಛಾಯಾಗ್ರಹಣದ ಕಾಗದದ ಮೇಲೆ ಬರೆದ ರೇಖೆಗಳನ್ನು ಬಾಲ್ಫರ್ ಸ್ಟೂವರ್ಟನು ಪರಿಶೀಲಿಸಿ 1861ರಲ್ಲಿ ವರದಿ ಮಾಡಿದನು. ದೊಡ್ಡ ಏರಿಳಿತಗಳ ಮೇಲೆ ಕೆಲವೇ ನಿಮಿಷಗಳ ಅವಧಿಯ ಕಿರುತರಂಗಗಳಿದ್ದುವು. ಇಂದು ನಾವು ಭೂಕಾಂತೀಯ ಸ್ಪಂದನಗಳೆಂದು ಕರೆಯುವುದು ಇಂತಹವನ್ನೇ.

ಕಾರಣದ ಶೋಧಕ್ಕೆ ನಾರ್ವೆಯ ಕ್ರಿಸ್ತಿಯಾನ್ ಬರ್ಕ್‌ಲೆಂಡನು 1902-03ರಲ್ಲಿ ನಾರ್ವೆ, ಐಸ್‌ಲೆಂಡ್, ಸ್ಪಿಟ್ಸ್‌ಬರ್ಗೆನ್, ನೊವಾಯ ಜೆಮ್ಲ್ಯಾಗಳಲ್ಲಿ ನಾಲ್ಕು ವೀಕ್ಷಣಾಕೇಂದ್ರಗಳನ್ನು ನೆಲೆಗೊಳಿಸಿದನು. ವಿದ್ಯುತ್ಪ್ರವಾಹವು ಅಂತರಿಕ್ಷದಿಂದ ಕಾಂತರೇಖೆಗಳ ಗುಂಟ ಇಳಿದು ಹಿಂದಿರುಗುವುದೆಂಬುದು ಅವನ ವಾದ. ಪ್ರವಾಹವೆಲ್ಲವೂ ಮೇಲ್ವಾತಾವರಣದೊಳಗೇ ಸುತ್ತುವರಿಯುವುದೆಂದು ಸಿಡ್ನಿ ಚಾಪ್ಮನ್ ಪ್ರತಿಪಾದಿಸಿದನು. ನೆಲದ ಮೇಲಣ ಅಳತೆಗಳಿಂದಷ್ಟೇ ಈ ವಿವಾದ ತೀರುವಂತಿರಲಿಲ್ಲ; ಎರಡು ಬಗೆಯ ಪ್ರವಾಹಗಳೂ ನೆಲದಲ್ಲಿ ಒಂದೇ ಪರಿಣಾಮವನ್ನು ತೋರಬಲ್ಲುವು. 1917ರಲ್ಲಿ ಬರ್ಕ್‌ಲೆಂಡನು ತೀರಿಕೊಂಡಾಗಲೂ ಅವನ ಮತಕ್ಕೆ ಮನ್ನಣೆ ದೊರೆತಿರಲಿಲ್ಲ. 1966ರಲ್ಲಿ ಪ್ರಕಟವಾದ ಉಪಗ್ರಹವೊಂದರ ಅಳತೆಗಳೂ, ಮುಂದೆ 1973ರಲ್ಲಿ ಟ್ರಯಾಡ್ ಉಪಗ್ರಹದ ಅಳತೆಗಳೂ ಅವನ ಪಕ್ಷವನ್ನೇ ಸಮರ್ಥಿಸಿದುವು.

ಸ್ಪಂದನಗಳ ವಿಷಯದಲ್ಲಿಯೂ ಇಂತಹುದೇ ಎಚ್ಚರ ಅಗತ್ಯ. ನಡುರಾತ್ರಿಯ ಸುಮಾರಿಗೆ ಪ್ರಭೆಯ ಕಮಾನು ಹಠಾತ್ತನೆ ಪ್ರಜ್ವಲಿಸುವಾಗ, 40ರಿಂದ 150 ಸೆಕೆಂಡು ಅವಧಿಯ 'ಪಿಐ-2' ಸ್ಪಂದನಗಳು ತೋರುತ್ತವೆ. ಪ್ರಭೆ ಕಾಣದ ಕೆಳ ಅಕ್ಷಾಂಶಗಳಲ್ಲಿಯೂ ಅವನ್ನು ದಾಖಲಿಸಬಹುದು. ಹೀಗೆಂದು ಪ್ರಭೆಯೇ ಸ್ಪಂದನದ ಜನನಿಯೆಂದು ಹೇಳಲಾಗದು. ಭೂಮಿಯ ರಾತ್ರಿಯ ಬದಿಯಲ್ಲಿ ಬಾಲದಂತೆ ಚಾಚಿದ ಕಾಂತಕ್ಷೇತ್ರದಲ್ಲಿ ಕೂಡಿಟ್ಟ ಶಕ್ತಿಯು ಒಮ್ಮೆಲೇ ಬಿಡುಗಡೆಯಾದಾಗ, ಎಲೆಕ್ಟ್ರಾನುಗಳು ಪ್ರಭೆಯನ್ನೂ ತರಂಗಗಳು ಸ್ಪಂದನವನ್ನೂ ಉಂಟುಮಾಡುತ್ತವೆ. ಇವೆರಡೂ ಸೋದರಸಂತಾನ. ಎಲ್ಲ ಸ್ಪಂದನಗಳಿಗೂ ಪ್ರಭೆಯ ನಂಟಿಲ್ಲ. ಸೌರಮಾರುತದ ಪ್ರೇರಣೆಯಿಂದ ಹಗಲಿನಲ್ಲಿ ತೋರುವುವೂ ಉಂಟು.

ಏಕಕಾಲದಲ್ಲಿ ನಡೆದ ಎರಡು ಸಂಗತಿಗಳಲ್ಲಿ ಒಂದನ್ನು ಇನ್ನೊಂದರ ಕಾರಣವೆಂದು ಎಣಿಸುವ ದೋಷವು ಇತಿಹಾಸದ ವಿದ್ಯಾರ್ಥಿಗೆ ಅಪರಿಚಿತವಲ್ಲ. ಉಪ್ಸಾಲದ ವಿದ್ವಾಂಸರು ಕಾರಣವನ್ನರಿಯದೆಯೂ ಕಾಲವನ್ನು ತಪ್ಪದೆ ಬರೆದಿಟ್ಟರು. ಮುಂದಿನವರ ತೀರ್ಮಾನಕ್ಕೆ ಆ ಬಗೆಯ ದಾಖಲೆಗಳೇ ಆಧಾರವಾದುವು.