ಉಪ್ಪಿನ ಕಂಟಲೆ

ತಾಂಡಾದ ನಮ್ಮ ಹಳೆಯ ಮನೆಯ ಜಂತಿಗೆ ಅರ್ಧ ಕಂಟಲೆಯೊಂದು ಜೋತುಬಿದ್ದಿದೆ. ಎತ್ತಿನ ಬೆನ್ನ ಮೇಲೆ ಎರಡೂ ಮಗ್ಗಲಿಗೆ ಇಳಿಬೀಳುವ ಜೋಡುಚೀಲಕ್ಕೆ ಕಂಟಲೆ ಅನ್ನುತ್ತಾರೆ. ನಮ್ಮದರ ಇನ್ನೊಂದು ಮಗ್ಗಲು ಎಂದೋ ಹರಿದುಹೋಗಿದೆ. ಸಣಬಿನ ನಾರನ್ನು ಕೈಯಲ್ಲೇ ಹೊಸೆದು ನೇಯ್ದದ್ದು. ಬಾಯಂಚಿಗೆ ಕೆಂಪು ದಾರದ ಹೊಲಿಗೆ, ಮೂಲೆಯಲ್ಲಿ ಮೂರು ಕವಡೆ, ನಾಲ್ಕನೆಯದು ಕಿತ್ತುಹೋದ ಗುರುತು. ಮಳೆಗಾಲ ಬಂತೆಂದರೆ ತಳದ ಹೊಲಿಗೆ ಈಗಲೂ ತೇವ ಹಿಡಿಯುತ್ತದೆ. ಅದನ್ನು ಮುಟ್ಟಿದ ಬೆರಳು ನಾಲಿಗೆಗೆ ತಾಗಿದರೆ ಉಪ್ಪುಪ್ಪು. "ಇದು ಕುಮಟಾ ನೋಡಿ ಬಂದೈತಿ" ಅನ್ನುತ್ತಿದ್ದಳು ನಮ್ಮ ದಾದಿ, ಅಂದರೆ ಅಜ್ಜಿ.

ದಾದಿ ಸ್ವತಃ ಕುಮಟಾ ಬಂದರು ಕಂಡವಳಲ್ಲ. ಅವಳ ಅತ್ತೆ ಸಣ್ಣ ಹುಡುಗಿಯಿದ್ದಾಗ ಎತ್ತುಗಳ ಹಿಂದೆ ನಡೆದು ಹೋಗಿಬಂದಿದ್ದಳಂತೆ. ಅತ್ತೆಯಿಂದ ಕೇಳಿದ ದಾರಿಯನ್ನು ದಾದಿ ಊರಿನ ಲೆಕ್ಕದಲ್ಲಿ ಹೇಳುತ್ತಿರಲಿಲ್ಲ, ನೀರಿನ ಲೆಕ್ಕದಲ್ಲಿ ಹೇಳುತ್ತಿದ್ದಳು. ಸವಣೂರಿನ ಮೋತಿ ತಲಾಬ, ಬಂಕಾಪುರದ ಕೋಟೆಯ ಕಂದಕ, ಶಿರಸಿ ದಾಟಿದ ಮೇಲೆ ಕಾಡಿನ ಹಳ್ಳಗಳು, ದೇವಿಮನೆ ಘಟ್ಟ ಇಳಿದರೆ ಕತಗಾಲ, ಕಡೆಗೆ ಅಘನಾಶಿನಿ. ಎತ್ತು ಎಲ್ಲೆಲ್ಲಿ ಬಾಯಿ ಹಾಕೀತೋ ಅಷ್ಟೇ ಅವಳ ನಕಾಶೆ.

ನಾವು ಲಮಾಣಿಗಳು. ಹೀಗೆ ಎತ್ತಿನ ಮೇಲೆ ಸರಕು ಹೇರಿಕೊಂಡು ಮಾಡುವ ವ್ಯಾಪಾರಕ್ಕೆ ನಮ್ಮ ಮಾತಿನಲ್ಲಿ ಲದೇಣಿ ಅಂತ ಹೆಸರು. ನಮ್ಮ ಶಿರಹಟ್ಟಿಯಿಂದ ಕುಮಟಾ ಹೆಚ್ಚುಕಡಿಮೆ 200 ಕಿಲೋಮೀಟರ್. ಹೇರೆತ್ತು ಮೇಯುತ್ತ ನಡೆಯುವುದು ದಿನಕ್ಕೆ ಆರೇಳು ಮೈಲಿ. ಅಂದರೆ ಹೋಗಲಿಕ್ಕೇ ಇಪ್ಪತ್ತು ದಿನ. ಆ ಇಪ್ಪತ್ತು ದಿನಗಳಲ್ಲಿ ಎಷ್ಟು ರಾಜ್ಯ ದಾಟುತ್ತಿದ್ದರು ನೋಡಿ. ಶಿರಹಟ್ಟಿ ಸಾಂಗಲಿ ಪಟವರ್ಧನರದು, ಲಕ್ಷ್ಮೇಶ್ವರ ಮಿರಜದವರದು, ಸವಣೂರು ನವಾಬನದು, ಬಂಕಾಪುರಕ್ಕೆ ಬಂದರೆ ಕಂಪನಿ ಸರಕಾರ. ಘಟ್ಟದ ಕೆಳಗೆ ಮಾತೇ ಬೇರೆ, ಉಣ್ಣುವ ಅನ್ನವೇ ಬೇರೆ. ಜೋಳದ ರೊಟ್ಟಿ ತಿಂದು ಬೆಳೆದ ಹುಡುಗಿಗೆ ಕುಚ್ಚಲಕ್ಕಿ ಗಂಜಿ ಮೊದಲ ದಿನ ಇಳಿಯಲಿಲ್ಲವಂತೆ.

ಸುಗ್ಗಿ ಮುಗಿದ ಮೇಲೆ ಹೊರಡುವುದು, ಮಿರಗದ ಮಳೆಗೆ ಮುಂಚೆ ಹಿಂದಿರುಗುವುದು. ನಮ್ಮ ಕಡೆಯ ಹತ್ತಿ ಬಿಡಿಸುವುದು ಶಿವರಾತ್ರಿಯಿಂದ ಯುಗಾದಿಯ ಆಚೀಚೆಗೆ. ಮಳೆಗಾಲದಲ್ಲಿ ಕುಮಟಾ ಬಂದರು ಮುಚ್ಚುತ್ತಿತ್ತು, ಅದರೊಳಗೆ ಹತ್ತಿ ಹಡಗು ಹತ್ತಬೇಕು. ಹೋಗುವಾಗ ಹತ್ತಿ, ಬರುವಾಗ ಸಾಣಿಕಟ್ಟಾದ ಉಪ್ಪು, ತೆಂಗಿನಕಾಯಿ, ಅಡಿಕೆ. ಗಂಟೆ ಕಟ್ಟಿದ ಮುಂದಾಳು ಎತ್ತಿನ ಮೇಲೆ ಹೇರು ಹೊರಿಸುತ್ತಿರಲಿಲ್ಲ. ಅದಕ್ಕೆ ಕವಡೆ, ಕೆಂಪು ಬಟ್ಟೆಯ ಸಿಂಗಾರ. ಅದು ಮಲಗಿದಲ್ಲಿ ಬಿಡಾರ. ರಾತ್ರಿ ಚೀಲಗಳನ್ನೆಲ್ಲ ಗುಂಡಗೆ ಒಟ್ಟಿ ಗೋಡೆ ಮಾಡಿ, ಒಳಗೆ ದನ, ಮಕ್ಕಳು, ಹೊರಗೆ ನಾಯಿ. ಉಪ್ಪಿನ ಗದ್ದೆಯವರು ಅಳತೆ ಮುಗಿಸಿದ ಮೇಲೆ ಎತ್ತಿನ ಪಾಲೆಂದು ಒಂದು ಹಿಡಿ ಹೆಚ್ಚಿಗೆ ಹಾಕುತ್ತಿದ್ದರು ಅನ್ನುವುದನ್ನು ದಾದಿ ಪ್ರತಿಸಲವೂ ತಪ್ಪದೆ ಹೇಳುತ್ತಿದ್ದಳು.

ಇದು ಸಣ್ಣ ವ್ಯವಹಾರವಾಗಿರಲಿಲ್ಲ. 1632ರಲ್ಲಿ ಪೀಟರ್ ಮಂಡಿ ಎಂಬ ಇಂಗ್ಲಿಷ್ ವ್ಯಾಪಾರಿ ಆಗ್ರಾದಿಂದ ಪಾಟ್ನಾಕ್ಕೆ ಹೋಗುವಾಗ 14,000 ಎತ್ತುಗಳ ಒಂದು ತಾಂಡಾ ಕಂಡು ಬರೆದಿಟ್ಟಿದ್ದಾನೆ. 1791ರಲ್ಲಿ ಕಾರ್ನವಾಲಿಸ್‌ನ ದಂಡು ಶ್ರೀರಂಗಪಟ್ಟಣದ ಮುಂದೆ ಕಾಳಿಲ್ಲದೆ ಹಿಂದೆ ಸರಿಯಿತು. ಮರುವರ್ಷ ಅದು ತಿರುಗಿ ಬಂದದ್ದು ಬಂಜಾರರ, ಅಂದರೆ ನಮ್ಮವರ, ಎತ್ತುಗಳು ಹೊತ್ತು ತಂದ ಧಾನ್ಯದ ಬಲದಿಂದ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿ ಅಲ್ಲಿನ ಅರಳೆ ನಿಂತಾಗ, ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂತು. ಗದಗು, ಶಿರಹಟ್ಟಿಯ ಎರೆಭೂಮಿಯಲ್ಲಿ ಬೆಳೆದ ಆ ಹತ್ತಿಗೆ ಮುಂಬಯಿ, ಲಿವರ್‌ಪೂಲ್ ಪೇಟೆಗಳಲ್ಲಿ ಇದ್ದ ಹೆಸರು "ಕುಮಟಾ". ಬೆಳೆದ ನೆಲದ ಹೆಸರಲ್ಲ, ಎತ್ತು ಇಳಿಸಿದ ಬಂದರಿನ ಹೆಸರು. ನಮ್ಮವರ ನಡಿಗೆಗೆ ಅದಕ್ಕಿಂತ ದೊಡ್ಡ ದಾಖಲೆ ನನಗೆ ಬೇಕಿಲ್ಲ.

ಆ ನಡಿಗೆಗೆ ಅಡ್ಡವಾಗಿ ಮೊದಲು ಚಕ್ಕಡಿ ರಸ್ತೆ ಬಂತು. 1884ರಲ್ಲಿ ಹೋಟಗಿಯಿಂದ ಗದಗಿಗೆ ರೈಲು ಬಂತು. ಮುಂದೆ ಕೆಲವೇ ವರ್ಷಗಳಲ್ಲಿ ಹುಬ್ಬಳ್ಳಿ, ಲೋಂಡಾ ಹಾದು ಮುರ್ಮಗೋವಾ ಬಂದರಿಗೇ ಹಳಿ ಸೇರಿತು. ಕುಮಟಾ ಸೊರಗಿತು. ಉಪ್ಪಿಗೆ ಸರಕಾರದ ಸುಂಕ. 1878ರ ಅರಣ್ಯ ಕಾಯ್ದೆ ಬಂದಮೇಲೆ ಕಾಡಿನ ಹುಲ್ಲಿಗೂ ಅಡ್ಡಿ. ಎತ್ತಿಗೆ ಮೇವಿಲ್ಲದಿದ್ದರೆ ಲದೇಣಿ ಎಲ್ಲಿಯದು? ರೈಲಿಗಿಂತ ಈ ಹುಲ್ಲಿನ ಪೆಟ್ಟೇ ದೊಡ್ಡದು ಎಂಬುದು ನನ್ನ ತಿಳಿವಳಿಕೆ. ಹೇರು ಹೋದರೂ ಅಡವಿ ಬಯಲು ಇದ್ದಿದ್ದರೆ ದನ ಸಾಕಿಯಾದರೂ ಬದುಕುತ್ತಿದ್ದರು.

ಅದಕ್ಕೂ ಮೊದಲೇ, 1871ರಲ್ಲಿ, ಕೆಲವು ಜಾತಿಗಳನ್ನೇ ಹುಟ್ಟು ಅಪರಾಧಿಗಳೆಂದು ಬರೆಯುವ ಕಾಯ್ದೆ ಬಂದಿತ್ತು. ಅನೇಕ ಕಡೆ ಲಮಾಣಿಗಳೂ ಆ ಪಟ್ಟಿಗೆ ಸೇರಿದರು. ಪಟ್ಟಿಯಲ್ಲಿದ್ದವರು ಊರ ಸೀಮೆ ದಾಟಲು ಚೀಟಿ ತೋರಿಸಬೇಕು. ದಂಡಿಗೆ ಕಾಳು ಮುಟ್ಟಿಸಿದ ಜನ, ಎಲ್ಲ ರಾಜರ ಗಡಿಯನ್ನೂ ಗಂಟೆಯ ಸದ್ದಿನ ಮೇಲೆ ದಾಟುತ್ತಿದ್ದ ಜನ, ಬರಿಗೈಯಲ್ಲಿ ನಡೆದರೂ ಕಳ್ಳರಾದರು. ಆ ಕಾಯ್ದೆ ಹೋದದ್ದು 1952ರಲ್ಲಿ. ಆ ಪಟ್ಟಿಯ ಮಾತು ಬರೆಯುವಾಗ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಎತ್ತು ಮಾರಿದವರು ಕಪ್ಪತಗುಡ್ಡದ ಮಗ್ಗುಲಲ್ಲಿ ಕಟ್ಟಿಗೆ ಮಾರಿದರು, ಕಂಡವರ ಹೊಲದಲ್ಲಿ ಕಳೆ ಕಿತ್ತರು. ಈಗ ದೀಪಾವಳಿ ಮುಗಿಯುತ್ತಲೇ ಗೋವಾಕ್ಕೆ, ಮಂಗಳೂರಿಗೆ ಗುಳೆ. ರಸ್ತೆ, ಗಾರೆ ಕೆಲಸ. ನಮ್ಮ ಸೀಮೆಯ ಮಾಗಡಿ ಕೆರೆಗೆ ಮಂಗೋಲಿಯಾದಿಂದ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ಹೊತ್ತಿಗೆ ತಾಂಡಾದಲ್ಲಿ ಮುದುಕರು, ಶಾಲೆಯ ಮಕ್ಕಳು ಮಾತ್ರ ಉಳಿದಿರುತ್ತಾರೆ. ಹೋಗುವ ದಿಕ್ಕು ಅದೇ ಪಡುವಣ. ಆದರೆ ಲದೇಣಿಯವರು ತಮ್ಮ ಎತ್ತಿನ ಹಿಂದೆ, ಹೆಂಡಿರು ಮಕ್ಕಳೊಂದಿಗೆ ಹೋಗುತ್ತಿದ್ದರು.

ಹೋದ ಬೇಸಿಗೆಯಲ್ಲಿ ದಾದಿಯ ನೀರಿನ ಲೆಕ್ಕ ಹಿಡಿದು ನಾನೂ ಹೊರಟೆ. ಬಸ್ಸು ಬದಲಿಸುತ್ತ, ಒಂದೇ ಹಗಲಿನಲ್ಲಿ ಘಟ್ಟ ಇಳಿದೆ. ಮರುದಿನ ಸಾಣಿಕಟ್ಟಾದಲ್ಲಿ ಗದ್ದೆಯ ಬದುವಿಗೆ ಉಪ್ಪಿನ ರಾಶಿ ಹಾಕಿದ್ದರು. ಹೆಣ್ಣುಮಗಳೊಬ್ಬಳು ಎಲ್ಲಿಯವರೆಂದು ಕೇಳಿದಳು. ಶಿರಹಟ್ಟಿ ಎಂದೆ. "ಘಟ್ಟದ ಮೇಲಿನವರೋ" ಎಂದು ಎರಡು ಕಿಲೋ ತೂಗಿ ಚೀಲಕ್ಕೆ ಸುರಿದಳು. ಆಮೇಲೆ, ನಾನು ಕೇಳದಿದ್ದರೂ, ಮೇಲೊಂದು ಹಿಡಿ ಹಾಕಿದಳು.