ಒಂದೇ ಪಟ್ಟು, ಮೂರು ಗರಡಿ

1951ರ ಅಕ್ಟೋಬರ್ ತಿಂಗಳು. ಬ್ರೆಜಿಲ್‌ನ ರಿಯೊ ಡಿ ಜನೈರೊ ನಗರದ ಮರಕಾನಾ ಕ್ರೀಡಾಂಗಣ. ಜಪಾನಿನ ಜೂಡೊ ಚಾಂಪಿಯನ್ ಮಸಾಹಿಕೊ ಕಿಮುರಾ ಅವರಿಗೂ ಬ್ರೆಜಿಲ್‌ನ ಹೆಲಿಯೊ ಗ್ರೇಸಿ ಅವರಿಗೂ ಸೆಣಸಾಟ. ಎತ್ತಿ ಕೆಡವಿದರೆ ಗೆಲುವಿಲ್ಲ, ಬೆನ್ನನ್ನು ನೆಲಕ್ಕೆ ತಾಗಿಸಿದರೂ ಗೆಲುವಿಲ್ಲ. ಎದುರಾಳಿಯೇ ಸಾಕೆನ್ನಬೇಕು ಎಂಬುದು ಒಪ್ಪಂದ. ಎರಡನೇ ಸುತ್ತಿನಲ್ಲಿ ಕಿಮುರಾ ಎದುರಾಳಿಯ ತೋಳನ್ನು ಮಡಿಸಿ ಬೆನ್ನ ಹಿಂದಕ್ಕೆ ತಿರುಚಿದರು. ಹೆಲಿಯೊ ಸಾಕೆನ್ನಲಿಲ್ಲ. ಕೊನೆಗೆ ಅಣ್ಣ ಕಾರ್ಲೋಸ್ ಟವೆಲ್ ಎಸೆದು ತಮ್ಮನ ಪರವಾಗಿ ಸೋಲೊಪ್ಪಿಕೊಂಡರು. ಸೋತವರ ಕಡೆಯವರು ಆ ಪಟ್ಟಿಗೆ ಗೆದ್ದವನ ಹೆಸರನ್ನೇ ಇಟ್ಟರು. ಇಂದಿಗೂ ಅದು 'ಕಿಮುರಾ' ಎಂದೇ ಪ್ರಸಿದ್ಧ.

ಸೋಜಿಗವೆಂದರೆ, ಅಂದು ಎದುರುಬದುರಾಗಿ ನಿಂತ ಇಬ್ಬರ ವಿದ್ಯೆಗೂ ಬೇರು ಒಂದೇ. ಅದು ಜಪಾನಿನ ಜುಜುತ್ಸು. ಹೊರದೇಶಗಳಲ್ಲಿ ಬಳಕೆಗೆ ಬಂದ ಹೆಸರು ಜಿಯು ಜಿತ್ಸು. 'ಜು' ಎಂದರೆ ಮೃದು, ಬಾಗುವಂಥದ್ದು. 'ಜುತ್ಸು' ಎಂದರೆ ವಿದ್ಯೆ. ಬಲಕ್ಕೆ ಬಲವನ್ನು ಒಡ್ಡದೆ, ಎದುರಾಳಿಯ ಬಲವನ್ನೇ ಅವನ ವಿರುದ್ಧ ತಿರುಗಿಸುವುದು ಇದರ ತತ್ವ.

ಇದು ಹುಟ್ಟಿದ್ದು ಆಟಕ್ಕಾಗಿ ಅಲ್ಲ. 1532ರಲ್ಲಿ ಆರಂಭವಾಯಿತೆಂದು ಹೇಳಲಾಗುವ ತಾಕೆನೊಉಚಿ ಪರಂಪರೆ ಇದರ ಅತಿ ಹಳೆಯ ಶಾಖೆಗಳಲ್ಲೊಂದು. ಕವಚ ತೊಟ್ಟ ಸಮುರಾಯ್ ಯೋಧನಿಗೆ ಬರಿಗೈಯಿಂದ ಗುದ್ದಿ ಪ್ರಯೋಜನವಿಲ್ಲ. ಅವನನ್ನು ಕೆಡವಬೇಕು, ಕೀಲು ತಿರುಚಬೇಕು, ಕವಚದ ಸಂದಿಗೆ ಚೂರಿ ಹಾಕಬೇಕು. ಇಂದಿಗೂ ಸಾಂಪ್ರದಾಯಿಕ ಶೈಲಿಯ ಅಭ್ಯಾಸ ನೋಡುವವರಿಗೆ ಒಂದು ಸಂದೇಹ ಬರುತ್ತದೆ: ಜಗಳದಲ್ಲಿ ಯಾರಾದರೂ ಹೋಗಿ ಮಣಿಕಟ್ಟು ಹಿಡಿಯುತ್ತಾರೆಯೇ? ಸೊಂಟದಲ್ಲಿ ಕತ್ತಿ ಇರುವವನ ಮಣಿಕಟ್ಟನ್ನು ಹಿಡಿಯಲೇಬೇಕು, ಅವನು ಕತ್ತಿ ಹಿರಿಯದಂತೆ. ಕಾಲ ಹೋಯಿತು, ಕತ್ತಿ ಹೋಯಿತು, ಹಿಡಿತ ಮಾತ್ರ ಉಳಿಯಿತು.

ಈ ವಿದ್ಯೆಯನ್ನು ಕಲಿಸುತ್ತಿದ್ದ ಮುಖ್ಯ ವಿಧಾನ 'ಕಾತಾ'. ಇಬ್ಬರು ಜೊತೆಗಾರರು ಮೊದಲೇ ಗೊತ್ತಾದ ಕ್ರಮದಲ್ಲಿ ದಾಳಿ ಮತ್ತು ಪ್ರತಿದಾಳಿ ನಡೆಸುತ್ತಾರೆ. ಕಣ್ಣಿಗೆ ಚುಚ್ಚುವ, ಕತ್ತು ಮುರಿಯುವ ವರಸೆಗಳನ್ನು ನಿಜವಾಗಿ ಪ್ರಯೋಗಿಸಿದರೆ ಮರುದಿನ ಗರಡಿಯಲ್ಲಿ ಶಿಷ್ಯರೇ ಇರುವುದಿಲ್ಲವಲ್ಲ! ಹೀಗೆ ಅಪಾಯದ ವರಸೆಗಳು ಕಾತಾದ ಒಳಗೆ ಭದ್ರವಾಗಿ ಉಳಿದವು. ಆದರೆ ಎದುರಾಳಿ ಮನಸ್ಸಿಟ್ಟು ಪ್ರತಿಭಟಿಸಿದರೆ ಏನಾಗುತ್ತದೆ ಎಂಬ ಪರೀಕ್ಷೆ ವಿರಳವಾಯಿತು.

1868ರ ಮೇಜಿ ಕ್ರಾಂತಿಯ ನಂತರ ಸಮುರಾಯ್ ವರ್ಗದ ದಿನಗಳು ಮುಗಿದವು. 1876ರಲ್ಲಿ ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನೂ ನಿಷೇಧಿಸಲಾಯಿತು. ಹಳೆಯ ಗುರುಗಳ ಮನೆಗಳು ಬಣಗುಟ್ಟತೊಡಗಿದವು. ಆ ಹೊತ್ತಿನಲ್ಲಿ ಎರಡು ಪರಂಪರೆಗಳ ಜುಜುತ್ಸು ಕಲಿತಿದ್ದ ಜಿಗೊರೊ ಕಾನೊ, 1882ರಲ್ಲಿ, ಇನ್ನೂ 22 ತುಂಬದ ವಯಸ್ಸಿನಲ್ಲಿ, ಟೋಕಿಯೊದ ಎಯಿಶೊಜಿ ದೇಗುಲದಲ್ಲಿ 12 ಚಾಪೆಗಳಷ್ಟು ಜಾಗದಲ್ಲಿ ಕೊಡೊಕಾನ್ ಶಾಲೆ ತೆರೆದರು. ಅವರು ಕಟ್ಟಿದ್ದೇ ಜೂಡೊ.

ಕಾನೊ ಮಾಡಿದ ಕೆಲಸ ಮೇಲುನೋಟಕ್ಕೆ ವಿಚಿತ್ರ. ಪ್ರಾಣಾಪಾಯದ ವರಸೆಗಳನ್ನು ಅವರು ಬಿಡುಸೆಣಸಾಟದಿಂದ ತೆಗೆದು ಕಾತಾಕ್ಕೆ ಸೀಮಿತಗೊಳಿಸಿದರು. ಹಾಗೆ ತೆಗೆದದ್ದರಿಂದ ವಿದ್ಯೆ ದುರ್ಬಲವಾಗಲಿಲ್ಲ, ಬದಲಾಗಿ ಬಲವಾಯಿತು. ಏಕೆಂದರೆ ಉಳಿದ ವರಸೆಗಳನ್ನು ಶಿಷ್ಯರು ಪ್ರತಿದಿನ, ಪೂರ್ಣ ಶಕ್ತಿಯಿಂದ, ಸೋಲಲು ಒಪ್ಪದ ಎದುರಾಳಿಯ ಮೇಲೆ ಪ್ರಯೋಗಿಸಬಹುದಿತ್ತು. ಆಟದ ಶೈಲಿಯ ಗುಟ್ಟು ಇಲ್ಲಿದೆ.

ಕೊಡೊಕಾನ್ ಶಿಷ್ಯ ಮಿತ್ಸುಯೊ ಮಯೇದಾ 1904ರಲ್ಲಿ ಅಮೆರಿಕಕ್ಕೆ ಹೋಗಿ, ಹಲವು ದೇಶ ಸುತ್ತಿ, 1914ರಲ್ಲಿ ಬ್ರೆಜಿಲ್ ತಲುಪಿ ಬೆಲೆಂ ನಗರದಲ್ಲಿ ನೆಲೆಸಿದರು. ಆಗ ಕಾನೊ ಅವರ ಜೂಡೊವನ್ನೂ ಜನ ಜಿಯು ಜಿತ್ಸು ಎಂದೇ ಕರೆಯುತ್ತಿದ್ದರು. ಮಯೇದಾ ಅವರ ಶಿಷ್ಯವಲಯದಲ್ಲಿ ಕಲಿತ ಕಾರ್ಲೋಸ್ ಗ್ರೇಸಿ ಮುಂದೆ ರಿಯೊದಲ್ಲಿ ಶಾಲೆ ತೆರೆದರು. ಗ್ರೇಸಿ ಸೋದರರು ನೆಲದ ಮೇಲಿನ ಹೋರಾಟವನ್ನೇ ಬೆಳೆಸಿದರು. ನಮ್ಮ ಕುಸ್ತಿಯಲ್ಲಿ ಪೈಲ್ವಾನನ ಬೆನ್ನು ಮಣ್ಣಿಗೆ ತಾಗಿದರೆ 'ಚಿತ್', ಅಲ್ಲಿಗೆ ಆಟ ಮುಗಿಯಿತು. ಬ್ರೆಜಿಲ್ ಶೈಲಿಯಲ್ಲಿ ಆಟ ಶುರುವಾಗುವುದೇ ಅಲ್ಲಿಂದ. ಕೆಳಗೆ ಬಿದ್ದವನು ಎರಡು ಕಾಲುಗಳ ನಡುವೆ ಎದುರಾಳಿಯನ್ನು ಬಂಧಿಸಿ, ಕತ್ತು ಬಿಗಿಯುತ್ತಾನೆ, ತೋಳು ತಿರುಚುತ್ತಾನೆ.

ಇದೇ ಕ್ರೀಡೆಯಾದಾಗ ಅಂಕಗಳು ಬಂದವು. ಇಂದಿನ ಅಂತರರಾಷ್ಟ್ರೀಯ ಬ್ರೆಜಿಲಿಯನ್ ಜಿಯು ಜಿತ್ಸು ಸ್ಪರ್ಧೆಗಳಲ್ಲಿ ಕೆಡವಿದರೆ 2 ಅಂಕ, ಕಾಲಿನ ಬಂಧ ದಾಟಿದರೆ 3, ಎದೆಯ ಮೇಲೆ ಕುಳಿತರೆ 4. ಗುದ್ದುವಂತಿಲ್ಲ, ಒದೆಯುವಂತಿಲ್ಲ. 1996ರಲ್ಲಿ ರಿಯೊದಲ್ಲಿ ವಿಶ್ವ ಚಾಂಪಿಯನ್‌ಷಿಪ್ ಆರಂಭವಾಯಿತು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟಕ್ಕೂ ಜಿಯು ಜಿತ್ಸು ಬಂತು. ಆದರೆ ಅಂಕಕ್ಕಾಗಿ ಆಡುವವನು ಅಂಕಕ್ಕೆ ಬೇಕಾದುದನ್ನೇ ರೂಢಿಸಿಕೊಳ್ಳುತ್ತಾನೆ. ಪಂದ್ಯ ಶುರುವಾದೊಡನೆ ತಾನಾಗಿ ನೆಲಕ್ಕೆ ಕುಳಿತುಬಿಡುವ ಆಟಗಾರರಿದ್ದಾರೆ. ಬೀದಿಯಲ್ಲಿ ಹಾಗೆ ಕುಳಿತರೆ ಮುಖಕ್ಕೆ ಬೂಟುಕಾಲು ಬೀಳುತ್ತದೆ.

ಕಾಳಗದ ಶೈಲಿ ಎತ್ತುವ ಆಕ್ಷೇಪವೂ ಇದೇ. ಬ್ರೆಜಿಲ್‌ನಲ್ಲಿ 'ವಾಲೆ ಟುಡೊ', ಅಂದರೆ 'ಎಲ್ಲಕ್ಕೂ ಅವಕಾಶ' ಎಂಬ ಸ್ಪರ್ಧೆಗಳು ಹಿಂದಿನಿಂದ ಇದ್ದವು. 1993ರ ನವೆಂಬರ್‌ನಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಕಚ್ಚುವುದು, ಕಣ್ಣಿಗೆ ಚುಚ್ಚುವುದು ಬಿಟ್ಟು ಬಹುತೇಕ ಎಲ್ಲಕ್ಕೂ ಅವಕಾಶವಿದ್ದ ಕಾದಾಟ ನಡೆಯಿತು. ಹೆಲಿಯೊ ಅವರ ಮಗ ರಾಯ್ಸ್ ಒಂದೇ ರಾತ್ರಿ ತನಗಿಂತ ಭಾರದ ಮೂವರನ್ನು ಮಣಿಸಿದರು. ಅಮೆರಿಕದ ಸೇನೆಯೂ ತನ್ನ ಕೈಕೈ ಕಾಳಗದ ತರಬೇತಿಗೆ ಈ ವಿದ್ಯೆಯಿಂದ ಸಾಕಷ್ಟು ತೆಗೆದುಕೊಂಡಿತು. ಅಲ್ಲಿ ಪ್ರಶ್ನೆಗಳು ಬೇರೆ: ಎದುರಾಳಿಯ ಇನ್ನೊಂದು ಕೈಯಲ್ಲಿ ಚಾಕು ಇದ್ದರೆ? ಅವನ ಜೊತೆಗಾರ ಬಂದರೆ? ಬಂದೂಕು ಕಸಿದುಕೊಂಡರೆ?

ಈಗ ಕಿಮುರಾ ಪಟ್ಟಿಗೆ ಬರೋಣ. ಸಾಂಪ್ರದಾಯಿಕ ಗರಡಿಯಲ್ಲಿ ತೋಳು ತಿರುಚುವ ಇಂಥ ವರಸೆಯ ಉದ್ದೇಶ ಆಯುಧ ಹಿಡಿದ ಕೈಯನ್ನು ನಿಷ್ಕ್ರಿಯಗೊಳಿಸುವುದು. ಜೊತೆಗಾರ ಕ್ರಮದಂತೆ ಮಣಿಯುತ್ತಾನೆ. ಆಟದ ಅಂಕಣದಲ್ಲಿ ಎದುರಾಳಿ ಮಣಿಯಲು ಒಪ್ಪುವುದಿಲ್ಲ. ಆದರೆ ನೋವು ಮಿತಿ ಮೀರಿದಾಗ ಅಂಗೈಯಿಂದ ತಟ್ಟುತ್ತಾನೆ, ಕೂಡಲೇ ಬಿಡಬೇಕು. ಕಾಳಗದಲ್ಲಿ ತಟ್ಟುವ ಮಾತಿಲ್ಲ. ತೋಳು ಹಿಡಿದವನು ತನ್ನ ಮುಖದ ಮೇಲೆ ಬೀಳುವ ಗುದ್ದನ್ನೂ ನೋಡಿಕೊಳ್ಳಬೇಕು.

ಯಾವುದು ಶ್ರೇಷ್ಠ ಎಂಬ ಜಗಳ ಈ ಮೂರು ಕಡೆಯವರ ನಡುವೆ ಮುಗಿದಿಲ್ಲ. ಅಭ್ಯಾಸ ಮಾಡಬೇಕಾದರೆ ಪ್ರತಿಯೊಂದು ಗರಡಿಯೂ ನಿಜವಾದ ಹೊಡೆದಾಟದ ಯಾವುದೋ ಒಂದು ಅಂಶವನ್ನು ಹೊರಗೆ ಬಿಡಲೇಬೇಕು. ಸಾಂಪ್ರದಾಯಿಕರು ಎದುರಾಳಿಯ ಹಟವನ್ನು ಬಿಟ್ಟರು, ಕ್ರೀಡಾಳುಗಳು ಗುದ್ದು ಮತ್ತು ಆಯುಧವನ್ನು ಬಿಟ್ಟರು. ಕಾಳಗದವರು ಬಿಟ್ಟದ್ದು ಕಡಿಮೆ, ಆದ್ದರಿಂದಲೇ ಅವರಿಗೆ ಗಾಯದ ಭಯ ಹೆಚ್ಚು. ಮಕ್ಕಳನ್ನು ಇಂಥ ತರಗತಿಗೆ ಸೇರಿಸುವ ತಂದೆ ತಾಯಿ, ಅಲ್ಲಿ ಏನು ಕಲಿಸುತ್ತಾರೆ ಎಂದು ಕೇಳಿದರೆ ಸಾಲದು. ಏನನ್ನು ಬಿಟ್ಟಿದ್ದಾರೆ ಎಂದೂ ಕೇಳಬೇಕು. ಗೊತ್ತಿರುವ ಗುರು ಅದಕ್ಕೆ ಮುಜುಗರವಿಲ್ಲದೆ ಉತ್ತರ ಹೇಳುತ್ತಾನೆ.