ಮೂರು ಸಹಿಯ ಅರ್ಜಿ

2003ರ ಜುಲೈ 30ರಂದು ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಕನಾಪೊಲಿಸ್‌ನಲ್ಲಿ ಪಿಲೊಟೆಕ್ಸ್ ಕಂಪನಿ ತನ್ನ ಟವೆಲ್ ಗಿರಣಿಗಳಿಗೆ ಬೀಗ ಹಾಕಿತು. ಆ ಊರು ಮತ್ತು ಪಕ್ಕದ ಕಾಂಕರ್ಡ್ ಸೇರಿ 4,000ಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಆ ರಾಜ್ಯ ಅಷ್ಟು ದೊಡ್ಡ ಪೆಟ್ಟನ್ನು ಅದುವರೆಗೆ ಕಂಡಿರಲಿಲ್ಲ. ಕನಾಪೊಲಿಸ್ ಹುಟ್ಟಿದ್ದೇ ಗಿರಣಿಗಾಗಿ. ಜೇಮ್ಸ್ ವಿಲಿಯಂ ಕ್ಯಾನನ್ ಎಂಬಾತ 20ನೇ ಶತಮಾನದ ಆರಂಭದಲ್ಲಿ ಹೊಲಗಳನ್ನು ಕೊಂಡು ಕಟ್ಟಿಸಿದ ಊರು ಅದು. ಬಹುಕಾಲ ಜನ ವಾಸವಿದ್ದ ಮನೆಗಳೂ ಗಿರಣಿಯ ಆಸ್ತಿಯೇ ಆಗಿದ್ದವು. 1984ರವರೆಗೆ ಅದಕ್ಕೆ ಸ್ವಂತ ಪೌರಾಡಳಿತವೇ ಇರಲಿಲ್ಲ. ಅಲ್ಲಿನ ನೇಕಾರರಲ್ಲಿ ಹೈಸ್ಕೂಲು ಮುಗಿಸದವರು ಬಹಳ ಮಂದಿ. ಅದರ ಅಗತ್ಯವೂ ಬಿದ್ದಿರಲಿಲ್ಲ, ಅಪ್ಪ ಅಮ್ಮ ದುಡಿದ ಮಗ್ಗದ ಮನೆಯಲ್ಲೇ ಮಕ್ಕಳಿಗೂ ಪಾಳಿ ಸಿಗುತ್ತಿತ್ತು.

ಅಂಥವರಿಗಾಗಿ ಒಂದು ಸರ್ಕಾರಿ ನೆರವಿತ್ತು. ಟ್ರೇಡ್ ಅಡ್ಜಸ್ಟ್‌ಮೆಂಟ್ ಅಸಿಸ್ಟೆನ್ಸ್ ಎಂದು ಅದರ ಹೆಸರು. ವಿದೇಶಿ ವ್ಯಾಪಾರದಿಂದ ಕೆಲಸ ಹೋದವರಿಗೆ ಹೊಸ ಕಸುಬಿನ ತರಬೇತಿ, ಕಲಿಯುವಷ್ಟು ದಿನ ಊಟ ಬಾಡಿಗೆಗೆ ವಾರದ ಭತ್ಯೆ ಕೊಡುವ ಯೋಜನೆ. ಅದರ ಚರಿತ್ರೆ ನೋಡಿದರೆ ಒಂದು ಮಾತು ಮತ್ತೆ ಮತ್ತೆ ಎದುರಾಗುತ್ತದೆ. ಕೆಲಸ ಹೋಗಿದೆ ಎಂದರೆ ಸಾಲದು, ಅದು ಎಲ್ಲಿಗೆ ಹೋಯಿತು, ಯಾವ ದಾರಿಯಲ್ಲಿ ಹೋಯಿತು ಎಂಬುದೂ ಕಾನೂನು ಕೇಳಿದ ರೀತಿಯಲ್ಲೇ ರುಜುವಾತಾಗಬೇಕಿತ್ತು.

ಈ ಕಲ್ಪನೆ ಮೊದಲು ಬಂದದ್ದು ಕಾರ್ಮಿಕ ಸಂಘದಿಂದಲೇ. 1950ರ ದಶಕದ ಮೊದಲ ಭಾಗದಲ್ಲಿ ಉಕ್ಕು ಕಾರ್ಮಿಕರ ನಾಯಕ ಡೇವಿಡ್ ಮೆಕ್‌ಡೊನಾಲ್ಡ್ ಇದನ್ನು ಮುಂದಿಟ್ಟರು. ಆಗ ಸೆನೆಟರ್ ಆಗಿದ್ದ ಜಾನ್ ಕೆನಡಿ 1954ರಲ್ಲಿ ಮಸೂದೆ ತಂದರು, ಅದು ಪಾಸಾಗಲಿಲ್ಲ. ಅಧ್ಯಕ್ಷರಾದ ಮೇಲೆ, 1962ರ ಅಕ್ಟೋಬರ್ 11ರಂದು, ಆಮದು ಸುಂಕ ಇಳಿಸುವ ಅಧಿಕಾರ ಪಡೆದ ಕಾಯ್ದೆಯಲ್ಲೇ ಈ ನೆರವನ್ನೂ ಸೇರಿಸಿ ಸಹಿ ಹಾಕಿದರು. ದೇಶಕ್ಕೆ ಲಾಭವೆಂದು ಬಾಗಿಲು ತೆರೆದಾಗ ಅದರ ಪೆಟ್ಟನ್ನು ಕೆಲವೇ ಕುಟುಂಬಗಳು ತಿನ್ನಬಾರದು, ಆ ಭಾರದಲ್ಲಿ ಸರ್ಕಾರಕ್ಕೂ ಪಾಲಿರಬೇಕು ಎಂಬುದು ಅವರ ವಾದ. ಇದು ನ್ಯಾಯವಾದ ಮಾತು. ಸಂಘಗಳು ಆ ಮಾತನ್ನು ನಂಬಿ ಬೆಂಬಲ ಕೊಟ್ಟವು.

ಆದರೆ ಮೊದಲ 7 ವರ್ಷ ಒಬ್ಬ ಕಾರ್ಮಿಕನಿಗೂ ಅದರಿಂದ ಬಿಡಿಗಾಸು ಸಿಗಲಿಲ್ಲ. ಆಮದು ಹೆಚ್ಚಲು ಸುಂಕದ ಇಳಿಕೆಯೇ ಪ್ರಧಾನ ಕಾರಣ, ಕೆಲಸ ಹೋಗಲು ಆ ಆಮದೇ ಪ್ರಧಾನ ಕಾರಣ ಎಂಬ ಎರಡೂ ಕೊಂಡಿಗಳು ಸುಂಕ ಆಯೋಗಕ್ಕೆ ಮನವರಿಕೆಯಾಗಬೇಕಿತ್ತು. ಬಂದ ಅರ್ಜಿಗಳೆಲ್ಲ ವಜಾ ಆದವು. ಮೊದಲ ಅರ್ಜಿ ಗೆದ್ದದ್ದು 1969ರ ಕೊನೆಯಲ್ಲಿ. ಕಾರ್ಮಿಕ ಮುಖಂಡರು ಇದನ್ನು ಹೆಣ ಹೂಳುವ ಖರ್ಚಿನ ವಿಮೆ ಎಂದು ಕರೆಯತೊಡಗಿದರು. ಅಷ್ಟು ಕಾದವರ ಬಾಯಲ್ಲಿ ಬೇರೆ ಮಾತು ಬರುವುದಾದರೂ ಹೇಗೆ?

1974ರ ವ್ಯಾಪಾರ ಕಾಯ್ದೆ ಈ ಗಂಟು ಸಡಿಲಿಸಿತು. ತೀರ್ಮಾನದ ಅಧಿಕಾರ ಕಾರ್ಮಿಕ ಇಲಾಖೆಗೆ ಬಂತು, ಮೂವರು ಕೆಲಸಗಾರರು ಸಹಿ ಹಾಕಿದರೆ ಅರ್ಜಿಯಾಯಿತು. ಅಷ್ಟರಲ್ಲಿ ಜಪಾನಿನ ಕಾರುಗಳು ಬಂದವು. 1980ರ ಹಣಕಾಸು ವರ್ಷದಲ್ಲಿ 5 ಲಕ್ಷಕ್ಕೂ ಹೆಚ್ಚು ಜನರಿಗೆ ಸುಮಾರು 160 ಕೋಟಿ ಡಾಲರ್ ಹಂಚಿಕೆಯಾಯಿತು, ಅವರಲ್ಲಿ ಬಹುಪಾಲು ಕಾರು ಕಾರ್ಖಾನೆಯವರು. ಮರುವರ್ಷ ರೇಗನ್ ಸರ್ಕಾರ ಯೋಜನೆಗೆ ಕತ್ತರಿ ಹಾಕಿತು.

ಕಾರ್ಖಾನೆಯೇ ಎದ್ದು ಪರದೇಶಕ್ಕೆ ಹೋದರೆ? ಹಳೆಯ ಕಾನೂನು ನೋಡುತ್ತಿದ್ದುದು ಬಂದರಿಗೆ ಬಂದಿಳಿದ ಸರಕನ್ನು ಮಾತ್ರ, ಹೊರಟುಹೋದ ಯಂತ್ರವನ್ನಲ್ಲ. ಮೆಕ್ಸಿಕೊ, ಕೆನಡಾ ಜೊತೆಗಿನ ನಾಫ್ಟಾ ಒಪ್ಪಂದ 1994ರಲ್ಲಿ ಜಾರಿಯಾದಾಗ, ಆ ಎರಡು ದೇಶಗಳಿಗೆ ಉತ್ಪಾದನೆ ಸ್ಥಳಾಂತರವಾದರೂ ನೆರವು ಎಂಬ ಪ್ರತ್ಯೇಕ ಯೋಜನೆ ಬಂತು. ಟೆಕ್ಸಾಸ್‌ನ ಎಲ್ ಪಾಸೊದಲ್ಲಿ ಜೀನ್ಸ್ ಹೊಲಿಯುತ್ತಿದ್ದ ಸಾವಿರಾರು ಹೆಂಗಸರು ಇದರಡಿ ತರಗತಿಗೆ ಸೇರಿದರು. ಅವರಲ್ಲಿ ಹೆಚ್ಚಿನವರ ಮನೆಮಾತು ಸ್ಪ್ಯಾನಿಷ್. ಹೊಸ ಕಸುಬು ಕಲಿಯಬೇಕಾದರೆ ಮೊದಲು ಇಂಗ್ಲಿಷ್ ಕಲಿಯಬೇಕು, ಅಷ್ಟರಲ್ಲಿ ಭತ್ಯೆಯ ಅವಧಿ ಕರಗುತ್ತದೆ. ತಮ್ಮ ಭಾಷೆಯಲ್ಲೂ ತರಬೇತಿ ಕೊಡಿ ಎಂದು ಲಾ ಮುಹೇರ್ ಒಬ್ರೇರಾ ಎಂಬ ಕಾರ್ಮಿಕ ಮಹಿಳೆಯರ ಸಂಘಟನೆ ಬೀದಿಗಿಳಿಯಬೇಕಾಯಿತು.

ಕನಾಪೊಲಿಸ್‌ಗೆ ನೆರವು ಸಿಕ್ಕಿತು. ಈ ಯೋಜನೆಯನ್ನು ತಿದ್ದಿದ್ದ 2002ರ ಕಾಯ್ದೆಯ ಲೆಕ್ಕ ಹೀಗಿತ್ತು: ಕೆಲಸ ಹೋದ 16 ವಾರ, ಇಲ್ಲವೇ ಅರ್ಜಿ ಮಂಜೂರಾದ 8 ವಾರ, ಇವೆರಡರಲ್ಲಿ ಯಾವುದು ತಡವೋ ಅಷ್ಟರೊಳಗೆ ತರಬೇತಿಗೆ ಸೇರಬೇಕು. ಓದು ಬರಹದಿಂದಲೇ ಶುರುಮಾಡುವವರಿಗೆ ಹೆಚ್ಚುವರಿ 26 ವಾರದ ಭತ್ಯೆ. ಆರೋಗ್ಯ ವಿಮೆಯ ಕಂತಿನಲ್ಲಿ ಶೇ 65 ಸರ್ಕಾರದ್ದು, ಉಳಿದ ಶೇ 35 ಸಂಬಳವಿಲ್ಲದವರ ಜೇಬಿನಿಂದ. ಮೂವತ್ತು ವರ್ಷ ಟವೆಲ್ ಅಂಚು ಹೊಲಿದ ಕೈ ನಾಲ್ಕು ತಿಂಗಳಲ್ಲಿ ತನ್ನ ಉಳಿದ ಆಯುಷ್ಯದ ಕಸುಬನ್ನು ಆರಿಸಿಕೊಳ್ಳಬೇಕು. ರೋವನ್ ಕಬಾರಸ್ ಸಮುದಾಯ ಕಾಲೇಜಿನ ಬೆಂಚುಗಳಲ್ಲಿ ಐವತ್ತು ದಾಟಿದವರೂ ಪೆನ್ಸಿಲ್ ಹಿಡಿದು ಕುಳಿತರು. ಕ್ಯಾನನ್ ಹೆಸರಿನ ಟವೆಲ್ ಅಂಗಡಿಯಲ್ಲಿ ಉಳಿಯಿತು, ನೇಯ್ಗೆ ಪರದೇಶದ್ದಾಯಿತು.

ಇದೇ ಹೊತ್ತಿಗೆ ಬೆಂಗಳೂರೂ ಈ ಕಥೆಯೊಳಗೆ ಬಂತು. ಕೆಲಸ ಭಾರತದ ಪಾಲಾಗಿ ಮನೆಗೆ ಕಳಿಸಲ್ಪಟ್ಟವನನ್ನು ಅಮೆರಿಕದ ಆಡುಮಾತು ‘ಬ್ಯಾಂಗಲೋರ್ಡ್’ ಎನ್ನತೊಡಗಿತ್ತು. ಹಾಗೆ ಕೆಲಸ ಕಳೆದುಕೊಂಡ ಸಾಫ್ಟ್‌ವೇರ್ ನೌಕರರು ಅರ್ಜಿ ಹಾಕಿದಾಗ ಇಲಾಖೆ ಕೊಟ್ಟ ಉತ್ತರ: ಕಾನೂನಿನಲ್ಲಿರುವುದು ‘ವಸ್ತು’ ಎಂಬ ಪದ, ಸಿಡಿಯಲ್ಲೋ ಡಬ್ಬಿಯಲ್ಲೋ ಇರದ ಸಾಫ್ಟ್‌ವೇರ್ ವಸ್ತುವಲ್ಲ. ಕೆಲವರು ಕೋರ್ಟಿಗೆ ಹೋದರು. 2006ರಲ್ಲಿ ಇಲಾಖೆ ನಿಲುವು ಬದಲಿಸಿತು. 2009ರಲ್ಲಿ ಸಂಸತ್ತು ಸೇವಾ ಕ್ಷೇತ್ರದವರನ್ನೂ, ಯಾವ ದೇಶಕ್ಕೆ ಕೆಲಸ ಹೋದರೂ ಸರಿ ಎಂದು, ಒಳಗೆ ಸೇರಿಸಿತು.

ನೆರವು ಕೈಹಿಡಿಯಿತೇ? 2012ರ ಸರ್ಕಾರಿ ಮೌಲ್ಯಮಾಪನದಲ್ಲಿ ನಾಲ್ಕು ವರ್ಷದ ನಂತರವೂ ಫಲಾನುಭವಿಗಳ ಗಳಿಕೆ ನೆರವು ಪಡೆಯದವರಿಗಿಂತ ಹಿಂದೆಯೇ ಇತ್ತು. ಅರ್ಥಶಾಸ್ತ್ರಜ್ಞ ಬೆಂಜಮಿನ್ ಹೈಮನ್ 2018ರಲ್ಲಿ ಹತ್ತು ವರ್ಷದ ದಾಖಲೆ ತೆಗೆದು ನೋಡಿದಾಗ, ಅರ್ಜಿ ಮಂಜೂರಾದವರು ಆಗದವರಿಗಿಂತ ಒಟ್ಟು ಸುಮಾರು 50,000 ಡಾಲರ್ ಹೆಚ್ಚು ಗಳಿಸಿದ್ದರು, ಹತ್ತನೇ ವರ್ಷದ ಹೊತ್ತಿಗೆ ವಾರ್ಷಿಕ ಗಳಿಕೆಯ ಅಂತರ ಅಳಿಸಿಹೋಗಿತ್ತು. ಮಗಳ ಮದುವೆಗೋ ಮನೆಯ ಸಾಲಕ್ಕೋ ಆ ಹತ್ತು ವರ್ಷವೇ ದೊಡ್ಡದು. ಅದನ್ನು ಅಲ್ಪವೆನ್ನಲಾಗದು.

2015ರ ಜೂನ್ 12ರಂದು ಪ್ರತಿನಿಧಿ ಸಭೆಯಲ್ಲಿ ಈ ನೆರವನ್ನು ದಶಕಗಳಿಂದ ಕಾಪಾಡಿಕೊಂಡು ಬಂದಿದ್ದ ಡೆಮಾಕ್ರಟರೇ ಬಹುಸಂಖ್ಯೆಯಲ್ಲಿ ಅದರ ವಿರುದ್ಧ ಮತ ಹಾಕಿದರು. ಇದು ಪಾಸಾದರೆ ಜೊತೆಗೆ ಕಟ್ಟಿದ್ದ ವ್ಯಾಪಾರ ಮಸೂದೆಯೂ ಪಾಸಾಗುತ್ತದೆಂಬ ಭಯ. ಕೆಲವೇ ದಿನಗಳಲ್ಲಿ ಎರಡೂ ಬೇರೆ ದಾರಿಯಿಂದ ಕಾನೂನಾದವು, ಆದರೆ ನೆರವಿಗೆ ಗಡುವು ಹಾಕಲಾಗಿತ್ತು. 2021ರಲ್ಲಿ ಸೇವಾ ಕ್ಷೇತ್ರದವರು ಮತ್ತೆ ಹೊರಗಾದರು. 2022ರ ಜುಲೈ 1ಕ್ಕೆ ಹೊಸ ಮಂಜೂರಾತಿಯೇ ನಿಂತಿತು. ಈಗಾಗಲೇ ಮಂಜೂರಾಗಿದ್ದವರಿಗೆ ಭತ್ಯೆ ಮುಂದುವರಿಯಿತು. ಆಮೇಲೆ ಬಾಗಿಲು ಮುಚ್ಚಿದ ಕಾರ್ಖಾನೆಗಳಿಂದಲೂ ಅರ್ಜಿಗಳು ಬಂದವು. ಕಾರ್ಮಿಕ ಇಲಾಖೆ ಅವನ್ನು ಸ್ವೀಕರಿಸಿ ನಂಬರು ಹಾಕಿ ಇಟ್ಟುಕೊಂಡಿತು, ವಿಚಾರಣೆ ನಡೆಸುವ ಅಧಿಕಾರ ಅದಕ್ಕಿರಲಿಲ್ಲ.